ಗ್ವೆನ್‌ಲಿಯನ್ ಅನ್ನೋ ವೇಲ್ಸ್ ಹೆಸರು: ಮೂಲ ಏನು, ಈಗಲೂ ಇಡ್ತಾರಾ?

ದಾವಣಗೆರೆ ಬೆಣ್ಣೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ವೇಲ್ಸ್‌ನಲ್ಲಿದ್ದಾನೆ, ಕಾರ್ಮಾರ್ಥನ್ ಹತ್ತಿರ. ಹೆಂಡತಿ ಅಲ್ಲಿಯವಳೇ. ಅವಳ ತವರಿನಲ್ಲಿ ಮನೆಮಾತೇ ವೆಲ್ಷ್. ಈಗ ಅವರಿಗೆ ಹೆಣ್ಣುಮಗು ಹುಟ್ಟಿದೆ. ಗ್ವೆನ್‌ಲಿಯನ್ ಅಂತ ಹೆಸರಿಡಬೇಕು ಅಂತ ಅವಳ ಆಸೆ. ಅವಳ ಅಜ್ಜಿಯ ಹೆಸರಂತೆ.

ಅಜ್ಜಿ ಹೆಸರು ಇಡೋದು ನಮ್ಮಲ್ಲೂ ಇದೆ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಅಮ್ಮನಿಗೆ ಆ ಹೆಸರು ಬಾಯಿಗೇ ಬರುತ್ತಿಲ್ಲ. ತಮ್ಮ ಕಳಿಸಿದ ವಾಯ್ಸ್ ಮೆಸೇಜ್ ಕೇಳಿ "ಏನೋ ಇದು, ಕುಕ್ಕರ್ ಸೀಟಿ ಬಿಟ್ಟ ಹಾಗಿದೆಯಲ್ಲೋ" ಅಂದರು. ನಮ್ಮ ದೊಡ್ಡಪ್ಪ ಒಂದು ಹೆಜ್ಜೆ ಮುಂದೆ. ನೆಟ್‌ನಲ್ಲಿ ಹುಡುಕಿ, "ಆ ಹೆಸರಿನವರಿಗೆ ಯಾರಿಗೂ ಒಳ್ಳೆಯದಾಗಿಲ್ಲ, ಒಬ್ಬಳು ಯುದ್ಧದಲ್ಲಿ ಸತ್ತಳು, ಇನ್ನೊಬ್ಬಳು ಸೆರೆಯಲ್ಲಿ ಸತ್ತಳು, ಬೇಡವೇ ಬೇಡ" ಅಂತ ಕೂತಿದ್ದಾರೆ.

ಈ ಹೆಸರಿನ ಮೂಲ, ಅರ್ಥ, ಈಗ ಅಲ್ಲಿ ಎಷ್ಟು ಬಳಕೆಯಲ್ಲಿದೆ, ಗೊತ್ತಿದ್ದವರು ಸ್ವಲ್ಪ ಹೇಳಿ.

ಕಾರ್ಡಿಫ್ ಕನ್ನಡಿಗ

ಮೊದಲಿಗೆ ಅಭಿನಂದನೆ! ಒಳ್ಳೆ ಹೆಸರು. ಈಗಲೂ ಇಡ್ತಾರೆ. ಜಾಸ್ತಿ ಏನಲ್ಲ, ಆದರೆ ವೆಲ್ಷ್ ಮಾತಾಡುವ ಮನೆಗಳಲ್ಲಿ ಕೇಳಿಬರುತ್ತದೆ. ವೇಲ್ಸ್ ಮಹಿಳಾ ರಗ್ಬಿ ತಂಡದಲ್ಲಿ ಆಡಿರುವ ಗ್ವೆನ್‌ಲಿಯನ್ ಪಿರ್ಸ್ ಹೆಸರು ಕೇಳಿರಬಹುದು. ಉತ್ತರ ವೇಲ್ಸ್‌ನ ರೈತ ಕುಟುಂಬದ ಹುಡುಗಿ, ಸ್ಕ್ರಮ್‌ನಲ್ಲಿ, ಅಂದರೆ ಎರಡೂ ತಂಡದವರು ತಲೆಬಗ್ಗಿಸಿ ತಳ್ಳಾಡುವಾಗ, ಮುಂದಿನ ಸಾಲಿನಲ್ಲೇ ನಿಲ್ಲುತ್ತಾಳೆ.

ಉಚ್ಚಾರದ ವಿಷಯ. ನೀವು ಬರೆದಿರುವ "ಲಿ" ನಿಜವಾಗಿ ನಮ್ಮ ಲ ಅಲ್ಲ. ವೆಲ್ಷ್‌ನಲ್ಲಿ ಎರಡು ಎಲ್ ಜೊತೆಗೆ ಬಂದರೆ ಅದೇ ಒಂದು ಬೇರೆ ಅಕ್ಷರ. ನಾಲಿಗೆ ತುದಿಯನ್ನು ಲ ಹೇಳುವ ಜಾಗದಲ್ಲೇ ಇಡಿ. ಗಂಟಲಿನಿಂದ ಸದ್ದು ಬೇಡ. ನಾಲಿಗೆಯ ಪಕ್ಕದಿಂದ ಬರೀ ಗಾಳಿ ಊದಿ. ಅಷ್ಟೇ. ಇಂಗ್ಲಿಷರು ಇದಕ್ಕೆ ಒದ್ದಾಡಿ "ಥ್ಲ" ಅನ್ನುತ್ತಾರೆ, ಇಲ್ಲಾಂದ್ರೆ "ಕ್ಲ". ಒತ್ತು ನಡುವಿನ ತುಂಡಿನ ಮೇಲೆ ಬೀಳಬೇಕು: ಗ್ವೆನ್, ಲ್ಲಿ, ಅನ್. ವೆಲ್ಷ್ ಪದಗಳಲ್ಲಿ ಸಾಮಾನ್ಯವಾಗಿ ಕೊನೆಯಿಂದ ಎರಡನೇ ತುಂಡಿಗೇ ಒತ್ತು.

ಅಮ್ಮನಿಗೆ ಹೇಳಿ, ಇಲ್ಲಿ ಹುಟ್ಟಿ ಬೆಳೆದ ಇಂಗ್ಲಿಷ್ ಮಾತಾಡುವವರಿಗೂ ಅದು ಸುಲಭಕ್ಕೆ ಬರಲ್ಲ.

ಸುಮ್ನೆ ಓದುವವ

ಇದು ಆರ್ಥರ್ ರಾಜನ ರಾಣಿ ಹೆಸರಲ್ವಾ? ಗ್ವಿನೆವೀರ್ ಅಂತ ಏನೋ ಓದಿದ ನೆನಪು.

ಹಳೇ ಕಡತ

ಅಲ್ಲ ಸರ್, ಅದು ಬೇರೆ. ಆ ರಾಣಿಯ ಹೆಸರು ವೆಲ್ಷ್‌ನಲ್ಲಿ ಗ್ವೆನ್‌ಹೊಯ್ವರ್. ಮೊದಲ ಅರ್ಧ ಮಾತ್ರ ಒಂದೇ.

"ಗ್ವಿನ್" ಅಂದರೆ ಬಿಳಿ. ಅದರ ಸ್ತ್ರೀಲಿಂಗ ರೂಪ "ಗ್ವೆನ್". ವೇಲ್ಸ್‌ನ ಹೆಣ್ಣುಮಕ್ಕಳ ಹೆಸರಲ್ಲಿ ಇದು ಎಲ್ಲೆಲ್ಲೂ ಸಿಗುತ್ತದೆ: ಬ್ರಾನ್‌ವೆನ್, ಬ್ರೊನ್‌ವೆನ್, ಓಲ್‌ವೆನ್, ಗ್ವೆಂಡೊಲೆನ್. ಓಲ್‌ವೆನ್ ಅಂದರೆ ಬಿಳಿ ಹೆಜ್ಜೆಯವಳು. ಅವಳು ಕಾಲಿಟ್ಟಲ್ಲೆಲ್ಲ ನಾಲ್ಕು ಬಿಳಿ ಹೂ ಅರಳುತ್ತಿದ್ದವು ಅಂತ ಹಳೆಯ ವೆಲ್ಷ್ ಕಥೆಯಲ್ಲಿ ಬರುತ್ತದೆ.

ಗ್ವೆನ್‌ಲಿಯನ್‌ನ ಎರಡನೇ ಅರ್ಧವನ್ನು "ಲ್ಲಿಅಯ್ನ್" ಪದಕ್ಕೆ ಜೋಡಿಸುವುದು ರೂಢಿ. ಅಂದರೆ ನಾರುಬಟ್ಟೆ, ಅಗಸೆ ನಾರಿನ ಬಟ್ಟೆ. ಅಗಸೆ ನಾರಿನ ಬಣ್ಣದ ಕೂದಲಿನವಳು ಅಂತ ಕೆಲವರು ಬಿಡಿಸುತ್ತಾರೆ. ಮಧ್ಯಯುಗದ ವೇಲ್ಸ್‌ನಲ್ಲಿ ಇದು ತುಂಬ ಸಾಮಾನ್ಯ ಹೆಸರು. ರಾಜಮನೆತನದಲ್ಲೂ ಇತ್ತು, ಹೊಲ ಉಳುವವರ ಮನೆಯಲ್ಲೂ ಇತ್ತು. ಹಳೆಯ ದಾಖಲೆಗಳಲ್ಲಿ ಹುಡುಕುವವರು "ವೆನ್‌ಲಿಯನ್" ಅಂತಲೂ ನೋಡಬೇಕು. ವೆಲ್ಷ್‌ನಲ್ಲಿ ಹಿಂದಿನ ಪದಕ್ಕೆ ತಕ್ಕ ಹಾಗೆ ಮುಂದಿನ ಪದದ ಮೊದಲ ಅಕ್ಷರ ಬದಲಾಗುತ್ತದೆ, ಗ ಬಿದ್ದುಹೋಗುತ್ತದೆ. ಗುಮಾಸ್ತರು ಕಿವಿಗೆ ಕೇಳಿದ ಹಾಗೆ ಬರೆದುಕೊಂಡರು.

ಕುಡ್ಲದ ಪೊಣ್ಣು

ಅಯ್ಯೋ, ಹಾಗಾದರೆ ಈ ಗ್ವೆನ್ ನಮ್ಮ ಮಂಗಳೂರಿಗೆ ಯಾವಾಗಲೋ ಬಂದಾಗಿದೆ. ಆ ಗ್ವೆನ್‌ಹೊಯ್ವರ್ ಹೆಸರಿನ ಕಾರ್ನ್‌ವಾಲ್ ರೂಪವೇ ಜೆನಿಫರ್. ನಮ್ಮ ಕಡೆ ಚರ್ಚ್‌ಗೆ ಹೋಗಿ "ಜೆನಿಫರ್" ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡ್ತಾರೋ ದೇವರಿಗೇ ಗೊತ್ತು.

ವಿನಿಫ್ರೆಡ್ ಕೂಡ ಅಲ್ಲಿಯದೇ. ನನ್ನ ಅಮ್ಮನ ಅತ್ತೆಯ ಹೆಸರು ಅದು, ಎಲ್ಲರೂ ವಿನ್ನಿ ಬಾಯಿ ಅಂತಲೇ ಕರೆಯುತ್ತಿದ್ದರು. ಮೂಲ ಹೆಸರು ಗ್ವೆನ್‌ವ್ರೆವಿ, 7ನೇ ಶತಮಾನದ ವೇಲ್ಸ್‌ನ ಸಂತಳು. ಕಾರಾಡೋಗ್ ಅನ್ನುವವನು ಬಲವಂತ ಮಾಡಲು ಬಂದ. ಒಪ್ಪದಿದ್ದಕ್ಕೆ ತಲೆ ಕಡಿದ. ತಲೆ ಬಿದ್ದಲ್ಲಿ ನೀರಿನ ಬುಗ್ಗೆ ಎದ್ದಿತು, ಸೋದರಮಾವ ಸಂತ ಬೈನೊ ತಲೆಯನ್ನು ತಿರುಗಿ ಜೋಡಿಸಿದ ಅಂತ ಐತಿಹ್ಯ. ಉತ್ತರ ವೇಲ್ಸ್‌ನ ಹೋಲಿವೆಲ್‌ನಲ್ಲಿ ಆ ಬಾವಿ ಈಗಲೂ ಇದೆ, ಜನ ಹರಕೆ ಹೊತ್ತು ಹೋಗಿ ಮುಳುಗೇಳುತ್ತಾರೆ. ದಾವಣಗೆರೆಯವರೇ, ನಿಮ್ಮ ದೊಡ್ಡಪ್ಪನಿಗೆ ಇದನ್ನು ಮಾತ್ರ ಹೇಳಬೇಡಿ!

ನೇರ ಮಾತು

ಒಂದು ಪ್ರಶ್ನೆ. ಬಿಳಿ, ಬಿಳಿ ಅಂತ ಹೆಣ್ಣುಮಕ್ಕಳಿಗೇ ಯಾಕೆ ಹೆಸರು? ನಮ್ಮಲ್ಲಿ ಮದುವೆ ಜಾಹೀರಾತಿನ "ಬೆಳ್ಳಗಿರುವ ಹುಡುಗಿ" ಸಾಲದೇ? ಅರ್ಧ ಕನ್ನಡದ ಮಗು ನಮ್ಮ ಬಣ್ಣಕ್ಕೆ ಬಂದಿದ್ದರೆ ಶಾಲೆಯಲ್ಲಿ ಏನಾದರೂ ಅನ್ನುವುದಿಲ್ಲವಾ?

ಹಳೇ ಕಡತ

ಕೇಳಬೇಕಾದ ಪ್ರಶ್ನೆಯೇ. ಆದರೆ ಗಂಡುಮಕ್ಕಳಿಗೂ ಗ್ವಿನ್ ಅಂತ ಇಡುತ್ತಾರೆ, ಅದೇ ಪದ. ಅದಕ್ಕೇ ಇಂಗ್ಲಿಷ್‌ನವರು ಹುಡುಗಿಗೆ "ಬ್ರೊನ್‌ವಿನ್" ಅಂತ ಬರೆದರೆ ವೆಲ್ಷ್ ಜನ ಮುಖ ಸಿಂಡರಿಸುತ್ತಾರೆ, ಅದು ಗಂಡಿನ ಕೊನೆ.

ಮತ್ತೆ ಆ ಪದ ಬರೀ ಮೈಬಣ್ಣದ್ದಲ್ಲ. ಪವಿತ್ರ, ಧನ್ಯ ಅನ್ನುವ ಅರ್ಥವೂ ಅದರಲ್ಲೇ ಇದೆ. ಬೈಬಲ್‌ನಲ್ಲಿ ಬೆಟ್ಟದ ಮೇಲಿನ ಉಪದೇಶ ಬರುತ್ತದಲ್ಲ, "ಬಡವರು ಧನ್ಯರು" ಅಂತ. ವೆಲ್ಷ್ ಬೈಬಲ್‌ನಲ್ಲಿ ಅಲ್ಲಿ "ಗ್ವಿನ್ ಐ ಬೀಡ್" ಅಂತ ಇದೆ. ಅಕ್ಷರಕ್ಕೆ ಅಕ್ಷರ ಹಿಡಿದರೆ "ಅವರ ಲೋಕ ಬಿಳಿ". ಓದುವ ವೆಲ್ಷ್ ಮನುಷ್ಯನಿಗೆ ಅಲ್ಲಿ ಬಣ್ಣ ಕಾಣುವುದೇ ಇಲ್ಲ.

ನೇರ ಮಾತು

ಸರಿ, ಅರ್ಧ ಒಪ್ಪಿದೆ. ಅಗಸೆ ಬಣ್ಣದ ಕೂದಲು ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ದಾವಣಗೆರೆ ಬೆಣ್ಣೆ

ಎಲ್ಲರಿಗೂ ಥ್ಯಾಂಕ್ಸ್. ಹಳೇ ಕಡತ ಅವರೇ, ಆ ಇಬ್ಬರು ಗ್ವೆನ್‌ಲಿಯನ್‌ಗಳ ಕಥೆ ಸರಿಯಾಗಿ ಹೇಳಿ. ದೊಡ್ಡಪ್ಪ ಹೇಳಿದ್ದು ಎಷ್ಟು ನಿಜ, ಎಷ್ಟು ನೆಟ್ ಕಥೆ?

ಹಳೇ ಕಡತ

ನಿಜವೇ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಮೊದಲನೆಯವಳು ಗ್ವೆನ್‌ಲಿಯನ್ ವೆರ್ಖ್ ಗ್ರಿಫಿದ್. "ವೆರ್ಖ್" ಅಂದರೆ ಮಗಳು, "ಅಪ್" ಅಂದರೆ ಮಗ. ಉತ್ತರದ ಗ್ವಿನೆದ್ ರಾಜ ಗ್ರಿಫಿದ್ ಅಪ್ ಕುನನ್‌ನ ಮಗಳು, ದಕ್ಷಿಣದ ದೆಹೈಬಾರ್ಥ್‌ನ ಗ್ರಿಫಿದ್ ಅಪ್ ರೀಸ್‌ನ ಹೆಂಡತಿ. ಅಪ್ಪನ ಹೆಸರೂ ಗ್ರಿಫಿದ್, ಗಂಡನ ಹೆಸರೂ ಗ್ರಿಫಿದ್. ವೆಲ್ಷ್ ಇತಿಹಾಸ ಓದುವಾಗ ಈ ತಲೆನೋವು ಕೊನೆಯವರೆಗೂ ಇರುತ್ತದೆ.

1135ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಒಂದನೇ ಹೆನ್ರಿ ಸತ್ತ. ಪಟ್ಟಕ್ಕೆ ಜಗಳ ಶುರುವಾಯಿತು, ಆಗ ಇಂಗ್ಲೆಂಡನ್ನು ಆಳುತ್ತಿದ್ದ ನಾರ್ಮನ್ನರ ಮೇಲೆ ವೇಲ್ಸ್‌ನಲ್ಲಿ ದಂಗೆ ಎದ್ದಿತು. 1136ರಲ್ಲಿ ಇವಳ ಗಂಡ ಮಾವನ ಸಹಾಯ ಕೇಳಲು ಉತ್ತರಕ್ಕೆ ಹೋಗಿದ್ದ. ಆ ಹೊತ್ತಿಗೇ ಕಿಡ್ವೆಲಿಯ ನಾರ್ಮನ್ ಒಡೆಯ ಮಾರಿಸ್ ದ ಲೊಂಡ್ರೆಸ್ ಕಡೆಯಿಂದ ಅಪಾಯ ಬಂತು. ಇವಳೇ ಸೈನ್ಯ ಕಟ್ಟಿಕೊಂಡು ಹೊರಟಳು, ಇಬ್ಬರು ಮಕ್ಕಳೂ ಜೊತೆಗಿದ್ದರು. ಸೋಲಾಯಿತು. ಮಗ ಮಾರ್ಗನ್ ಸತ್ತ, ಮೈಲ್‌ಗುನ್ ಸೆರೆಸಿಕ್ಕ. ಇವಳ ತಲೆ ಕಡಿದರು ಅಂತ ಜನರ ನೆನಪಿನಲ್ಲಿದೆ. ಕಿಡ್ವೆಲಿ ಕೋಟೆಯ ಹತ್ತಿರದ ಆ ಬಯಲನ್ನು ಇವತ್ತಿಗೂ ಮೈಸ್ ಗ್ವೆನ್‌ಲಿಯನ್ ಅನ್ನುತ್ತಾರೆ. ಗ್ವೆನ್‌ಲಿಯನ್ ಹೊಲ ಅಂತ ಅರ್ಥ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆಗ ಪುಟ್ಟ ಹುಡುಗನಾಗಿದ್ದ ಅವಳ ಇನ್ನೊಬ್ಬ ಮಗ ರೀಸ್ ಮುಂದೆ ದಕ್ಷಿಣ ವೇಲ್ಸ್‌ನ ದೊಡ್ಡ ದೊರೆಯಾದ. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ವಾದ್ಯಗಾರರಿಗೂ ಪಂದ್ಯ ಇಟ್ಟು, ಗೆದ್ದವರಿಗೆ ಕುರ್ಚಿ ಕೊಟ್ಟ. ಇವತ್ತಿನ ಐಸ್ಟೆದ್‌ವೊದ್ ಅನ್ನುವ ವೆಲ್ಷ್ ಕವಿತೆ-ಸಂಗೀತದ ಉತ್ಸವದ ಬೇರು ಅದೇ ಅನ್ನುತ್ತಾರೆ. ದೊಡ್ಡಪ್ಪನಿಗೆ ಈ ಭಾಗ ಓದಿ ಹೇಳಿ.

ಎರಡನೆಯವಳದ್ದು ನಿಜಕ್ಕೂ ಸಂಕಟದ ಕಥೆ. ವೇಲ್ಸ್‌ನ ರಾಜಕುಮಾರ ಲವೆಲಿನ್ ಅಪ್ ಗ್ರಿಫಿದ್‌ನ ಒಬ್ಬಳೇ ಮಗಳು. 1267ರಲ್ಲಿ ಇಂಗ್ಲೆಂಡಿನ ದೊರೆಯೇ ಅವನಿಗೆ "ಪ್ರಿನ್ಸ್ ಆಫ್ ವೇಲ್ಸ್" ಅನ್ನುವ ಪದವಿಯನ್ನು ಒಪ್ಪಿಕೊಂಡಿದ್ದ. ಮಗು 1282ರ ಜೂನ್‌ನಲ್ಲಿ ಅಬರ್‌ಗ್ವಿನ್‌ಗ್ರೆಗಿನ್‌ನಲ್ಲಿ ಹುಟ್ಟಿತು. ತಾಯಿ ಎಲಿನರ್ ದ ಮಾಂಟ್‌ಫರ್ಡ್ ಬಾಣಂತಿಯಾಗಿಯೇ ತೀರಿಕೊಂಡಳು. ಅದೇ ವರ್ಷ ಡಿಸೆಂಬರ್ 11ರಂದು ಕಿಲ್‌ಮೆರಿ ಹತ್ತಿರ ತಂದೆಯನ್ನು ಕೊಂದು, ತಲೆಯನ್ನು ಲಂಡನ್‌ಗೆ ಕಳಿಸಿದರು. ಚಿಕ್ಕಪ್ಪ ದಾವಿದ್‌ನನ್ನು 1283ರ ಅಕ್ಟೋಬರ್‌ನಲ್ಲಿ ಶ್ರೂಸ್‌ಬರಿಯಲ್ಲಿ ಕೊಂದರು.

ಒಂದನೇ ಎಡ್ವರ್ಡ್ ಆ ಮಗುವನ್ನು ಕೊಲ್ಲಲಿಲ್ಲ. ದೂರದ ಲಿಂಕನ್‌ಷರ್‌ನ ಸೆಂಪ್ರಿಂಗಮ್ ಮಠಕ್ಕೆ ಸೇರಿಸಿದ. ಲೆಕ್ಕ ಸರಳ: ಮದುವೆ ಆಗಬಾರದು, ಮಕ್ಕಳಾಗಬಾರದು, ವೇಲ್ಸ್‌ನ ವಂಶ ಮುಂದುವರಿಯಬಾರದು. ಚಿಕ್ಕಪ್ಪನ ಮಗಳು ಗ್ಲಾಡಿಸ್‌ಗೂ ಅದೇ ಗತಿ, ಬೇರೆ ಮಠದಲ್ಲಿ. ಚಿಕ್ಕಪ್ಪನ ಗಂಡುಮಕ್ಕಳು ಇಬ್ಬರು ಬ್ರಿಸ್ಟಲ್ ಕೋಟೆಯಲ್ಲಿ ಬಂಧಿಗಳು. 1301ರಲ್ಲಿ ಎಡ್ವರ್ಡ್ ಪ್ರಿನ್ಸ್ ಆಫ್ ವೇಲ್ಸ್ ಪದವಿಯನ್ನು ತನ್ನ ಮಗನಿಗೇ ಕೊಟ್ಟ. ಆಗ ಇವಳಿಗೆ 18 ವರ್ಷ, ಮಠದಲ್ಲಿದ್ದಳು.

1337ರ ಜೂನ್ 7ರಂದು ಅಲ್ಲೇ ತೀರಿಕೊಂಡಳು. 1327ರಲ್ಲಿ ಮೂರನೇ ಎಡ್ವರ್ಡ್ ವರ್ಷಕ್ಕೆ 20 ಪೌಂಡ್ ಕೊಡುವಂತೆ ಆದೇಶ ಮಾಡಿದ್ದು ಬಿಟ್ಟರೆ ದಾಖಲೆಗಳು ಅವಳ ಬಗ್ಗೆ ಹೇಳುವುದು ಕಡಿಮೆ. ಇರುವ ಕಾಗದಗಳಲ್ಲೂ ಹೆಸರು ನೆಟ್ಟಗಿಲ್ಲ. "ವೆಂಟ್ಲಿಯಾನ್", "ವೆನ್ಸಿಲಿಯನ್" ಅಂತೆಲ್ಲ ಇದೆ. ಮಾತು ಬರುವ ಮುಂಚೆಯೇ ಕರೆದುಕೊಂಡು ಹೋದ ಕೂಸು ಅದು. ತನ್ನ ಹೆಸರನ್ನು ಸರಿಯಾಗಿ ಹೇಳುವವರು ಸುತ್ತಮುತ್ತ ಯಾರಿದ್ದರು ಹೇಳಿ?

ಕುಡ್ಲದ ಪೊಣ್ಣು

ಓದಿ ಮನಸ್ಸು ಭಾರ ಆಯ್ತು.

ಬೈಲಹೊಂಗಲ ಕಡೆಯವ

ದೊಡ್ಡಪ್ಪನವರಿಗೆ ನನ್ನ ಕಡೆಯಿಂದ ಒಂದು ಮಾತು. ಕಿತ್ತೂರು ಚೆನ್ನಮ್ಮ 1824ರಲ್ಲಿ ಬ್ರಿಟಿಷರ ಮೇಲೆ ಯುದ್ಧ ಮಾಡಿದಳು. 1829ರಲ್ಲಿ ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲೇ ತೀರಿಹೋದಳು. ಅವಳ ಸಮಾಧಿ ಇಲ್ಲೇ ಇದೆ. ಅದಕ್ಕೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಚೆನ್ನಮ್ಮ ಅಂತ ಹೆಸರಿಡೋದು ಬಿಟ್ಟಿದ್ದೇವಾ? ಸೋತವಳು ಅಂತ ಯಾರೂ ಹೇಳಲ್ಲ. ಸೀತೆ ಪಟ್ಟ ಪಾಡು ಗೊತ್ತಿದ್ದೂ ಮನೆಗೊಬ್ಬಳು ಸೀತಮ್ಮ ಇಲ್ವಾ?

ಅಮ್ಮನಿಗೆ ಕಷ್ಟ ಆದರೆ ಗ್ವೆನ್ನಮ್ಮ ಅಂತ ಕರೆಯಲಿ. ಮುಗೀತು.

ನೇರ ಮಾತು

ಗ್ವೆನ್ನಮ್ಮ ಸೂಪರ್!

ಆದರೆ ಹಳೇ ಕಡತ ಅವರೇ, ಯುದ್ಧಕ್ಕೆ ತಾನೇ ಸೈನ್ಯ ನಡೆಸಿದ್ದು ಅನ್ನುವುದಕ್ಕೆ ಆಧಾರ ಏನು? ಆಮೇಲೆ ಕಟ್ಟಿದ ವೀರಗಾಥೆ ಆಗಿರಬಹುದಲ್ವಾ?

ಹಳೇ ಕಡತ

ಆಧಾರ ಗೆರಾಲ್ಡ್ ಆಫ್ ವೇಲ್ಸ್ ಅನ್ನುವ ಪಾದ್ರಿ. 1188ರಲ್ಲಿ ವೇಲ್ಸ್ ಸುತ್ತಿ ಆಮೇಲೆ ಪ್ರವಾಸ ಕಥನ ಬರೆದ. ಕಿಡ್ವೆಲಿಗೆ ಬಂದಾಗ ಇವಳ ಕಥೆ ಹೇಳುತ್ತಾನೆ. ಗ್ರೀಕ್ ಕಥೆಗಳಲ್ಲಿ ಬರುವ ಅಮೆಝಾನ್ ಅನ್ನುವ ಯೋಧ ಹೆಂಗಸರ ರಾಣಿ ಪೆಂಥೆಸಿಲಿಯಾಗೆ ಇವಳನ್ನು ಹೋಲಿಸುತ್ತಾನೆ. ಯುದ್ಧ ಆಗಿ ಐವತ್ತು ವರ್ಷ ದಾಟಿದ ಮೇಲಿನ ಬರಹ, ಒಪ್ಪೋಣ. ಆದರೆ ಅವನ ಅಜ್ಜಿ ನೆಸ್ಟ್ ಬೇರೆ ಯಾರೂ ಅಲ್ಲ, ಗ್ವೆನ್‌ಲಿಯನ್‌ಗೆ ಸ್ವಂತ ನಾದಿನಿ. ಅಂದರೆ ಅವನ ಮಟ್ಟಿಗೆ ಇದು ಮನೆ ಸುದ್ದಿ. ಮನೆ ಸುದ್ದಿಗೆ ಸ್ವಲ್ಪ ಮಸಾಲೆ ಬಿದ್ದಿರಬಹುದು, ಆದರೆ ಸುಳ್ಳು ಅಂತ ತಳ್ಳುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ನೆಟ್‌ನಲ್ಲಿ ಇನ್ನೊಂದು ಸಿಗುತ್ತದೆ: "ಮಬಿನೋಗಿ ಕಥೆಗಳನ್ನು ಬರೆದವಳು ಇವಳೇ" ಅಂತ. ಮಬಿನೋಗಿ ಅಂದರೆ ಮಧ್ಯಯುಗದ ವೆಲ್ಷ್ ಕಥೆಗಳು. ಆಂಡ್ರೂ ಬ್ರೀಝ್ ಅನ್ನುವ ವಿದ್ವಾಂಸರ ವಾದ ಅದು. ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲ. ನನಗೂ ಅದು ಜಾಸ್ತಿ ಎಳೆದ ಹಾಗೆ ಅನಿಸುತ್ತದೆ. ಮಗುವಿಗೆ ಹೇಳುವ ಕಥೆಯಲ್ಲಿ ಇದನ್ನು ಸೇರಿಸಬೇಡಿ.

ಕಾರ್ಡಿಫ್ ಕನ್ನಡಿಗ

ಆ ಎರಡನೇ, ಮಠದ ಗ್ವೆನ್‌ಲಿಯನ್ ಬಗ್ಗೆ ಇತ್ತೀಚಿನದ್ದು ನಾನು ಸೇರಿಸ್ತೀನಿ. ಉತ್ತರ ವೇಲ್ಸ್‌ನಲ್ಲಿ ಸ್ನೋಡೋನಿಯಾ ಕಡೆ ಒಂದು ಬೆಟ್ಟಸಾಲು ಇದೆ. ಅದರಲ್ಲಿ ಕಾರ್ನೆದ್ ಲವೆಲಿನ್ ಒಂದು ಶಿಖರ, ಕಾರ್ನೆದ್ ದಾವಿದ್ ಇನ್ನೊಂದು. ಪಕ್ಕದಲ್ಲೇ ಇರ್ ಎಲೆನ್, ಅದು ತಾಯಿ ಎಲಿನರ್ ಹೆಸರು ಅನ್ನುತ್ತಾರೆ. ಅಪ್ಪ, ಚಿಕ್ಕಪ್ಪ, ಅಮ್ಮ ಎಲ್ಲ ಇದ್ದರು, ಮಗಳೊಬ್ಬಳು ಇರಲಿಲ್ಲ. ಅಲ್ಲೇ ಇದ್ದ ಕಾರ್ನೆದ್ ಇಖಾಫ್ ಅನ್ನುವ 926 ಮೀಟರ್ ಎತ್ತರದ ಶಿಖರಕ್ಕೆ 2009ರಲ್ಲಿ ಕಾರ್ನೆದ್ ಗ್ವೆನ್‌ಲಿಯನ್ ಅಂತ ಹೆಸರು ಬದಲಾಯಿಸಿದರು. ಅವಳ ಹೆಸರಿನ ಸಂಘವೇ ಇದೆ, ಅವರು ಪಟ್ಟುಹಿಡಿದು ಮಾಡಿಸಿದ್ದು. ಸರ್ಕಾರಿ ನಕ್ಷೆಯಲ್ಲೂ ಈಗ ಅದೇ ಹೆಸರು. ಸೆಂಪ್ರಿಂಗಮ್‌ನಲ್ಲಿ ಸ್ಮಾರಕ ಕಲ್ಲು ಕೂಡ ಇದೆ.

ಬೆಟ್ಟ ನೋಡೋಕೆ ಅಂಥ ಚೂಪೇನಲ್ಲ. ಮೇಲೆ ಹೋದರೆ ಬಂಡೆಗಳ ಗುಡ್ಡೆ, ಸುತ್ತ ಹುಲ್ಲು, ಕಾಡುಕುದುರೆಗಳು ಮೇಯುತ್ತಿರುತ್ತವೆ. ಗಾಳಿ ಮಾತ್ರ ನಿಂತವರನ್ನು ಕೂರಿಸಿಬಿಡುತ್ತದೆ.

ಇನ್ನೊಂದು ವಿಷಯ. ವೇಲ್ಸ್‌ನಲ್ಲಿ ಎಲ್ಲ ಮಕ್ಕಳೂ 16 ವರ್ಷದವರೆಗೆ ಶಾಲೆಯಲ್ಲಿ ವೆಲ್ಷ್ ಕಲಿಯಲೇಬೇಕು. ಕಾರ್ಮಾರ್ಥನ್ ಕಡೆ ಅಂದರೆ ಅದು ಓಡಾಡುವ ಭಾಷೆ. 2021ರ ಜನಗಣತಿ ಪ್ರಕಾರ ಇಡೀ ವೇಲ್ಸ್‌ನಲ್ಲಿ ವೆಲ್ಷ್ ಮಾತಾಡುವವರು 17.8 ಶೇಕಡಾ, ಆ ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ. ಮಗುವಿನ ಹೆಸರನ್ನು ತರಗತಿಯಲ್ಲಿ ಯಾರೂ ಹಾಳು ಮಾಡಲ್ಲ. ಲಂಡನ್‌ಗೆ ಹೋದಾಗ ಮಾತ್ರ ಕಷ್ಟ.

ಹುಬ್ಬಳ್ಳಿ ಮಂದಿ

ಈ "ಅಪ್", "ವೆರ್ಖ್" ನೋಡಿ ನನಗೆ ನಮ್ಮ ಇನಿಷಿಯಲ್ ನೆನಪಾಯಿತು. ಅಪ್ಪನ ಹೆಸರನ್ನೇ ಮಗನ ಹೆಸರಿಗೆ ಅಂಟಿಸೋದು. ಅವರಿಗೂ ಅಡ್ಡಹೆಸರು ಇರಲಿಲ್ವಾ ಹಾಗಾದರೆ?

ಹಳೇ ಕಡತ

ಇರಲಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಅಂತ ಸರಪಳಿ ಹಾಗೇ ಹೋಗುತ್ತಿತ್ತು. 1536 ಮತ್ತು 1543ರ ಕಾನೂನುಗಳಿಂದ ವೇಲ್ಸ್ ಇಂಗ್ಲೆಂಡಿನ ಆಡಳಿತಕ್ಕೆ ಪೂರ್ತಿ ಸೇರಿದ ಮೇಲೆ ನಿಧಾನಕ್ಕೆ ಅಡ್ಡಹೆಸರು ಗಟ್ಟಿಯಾಯಿತು. ಕೆಲವರಲ್ಲಿ "ಅಪ್" ಅನ್ನುವುದು ಹೆಸರಿಗೇ ಅಂಟಿಕೊಂಡಿತು. ಅಪ್ ರೀಸ್ ಹೋಗಿ ಪ್ರೈಸ್, ಅಪ್ ಹವೆಲ್ ಹೋಗಿ ಪೊವೆಲ್, ಅಬ್ ಓವೈನ್ ಹೋಗಿ ಬೋವೆನ್, ಅಪ್ ಹ್ಯೂ ಹೋಗಿ ಪ್ಯೂ. ಉಳಿದವರೆಲ್ಲ ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್.

ನೋಡಿ, ಹೀಗೆ ಉಳಿದದ್ದು ಪೂರ್ತಿ ಗಂಡಸರ ಹೆಸರು. "ವೆರ್ಖ್" ಯಾವ ಅಡ್ಡಹೆಸರಿನೊಳಗೂ ಉಳಿಯಲಿಲ್ಲ. ಇತ್ತೀಚೆಗೆ ಕೆಲವು ವೆಲ್ಷ್ ಕುಟುಂಬಗಳು ಮತ್ತೆ ಅಪ್, ವೆರ್ಖ್ ಬಳಸಲು ಶುರು ಮಾಡಿವೆ. ನಿಮ್ಮ ತಮ್ಮನ ಹೆಸರು ಮಂಜುನಾಥ ಆಗಿದ್ದರೆ ಮಗಳು ಗ್ವೆನ್‌ಲಿಯನ್ ವೆರ್ಖ್ ಮಂಜುನಾಥ. ನಮ್ಮ ಪದ್ಧತಿಯೂ ಆಯಿತು, ಅವರದ್ದೂ ಆಯಿತು.

ಹುಬ್ಬಳ್ಳಿ ಮಂದಿ

ಊರಿಗೆಲ್ಲ ಜೋನ್ಸ್ ಆದರೆ ಯಾರು ಯಾರು ಅಂತ ಹೇಗೆ ಗೊತ್ತಾಗುತ್ತೆ?

ಕಾರ್ಡಿಫ್ ಕನ್ನಡಿಗ

ಕೆಲಸ ಸೇರಿಸಿ ಕರೆಯುತ್ತಿದ್ದರು. ಹಾಲು ಹಾಕುವವನು ಜೋನ್ಸ್ ದ ಮಿಲ್ಕ್, ಬ್ರೆಡ್ ಮಾಡುವವನು ಜೋನ್ಸ್ ದ ಬ್ರೆಡ್. ಹಳ್ಳಿಗಳಲ್ಲಿ ತೋಟದ ಮನೆ ಹೆಸರು ಸೇರಿಸೋದು ಈಗಲೂ ಉಂಟು.

ಹುಬ್ಬಳ್ಳಿ ಮಂದಿ

ನಮ್ಮಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತಲೇ ಅಡ್ಡಹೆಸರು ಇವೆ. ನಾವು ಒಂದು ಹೆಜ್ಜೆ ಮುಂದೆ ಬಿಡಿ.

ದಾವಣಗೆರೆ ಬೆಣ್ಣೆ

ಅಪ್‌ಡೇಟ್ ಕೊಡ್ತೀನಿ. ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಕೂತು ಮಾತಾಡಿದೆವು. ಚೆನ್ನಮ್ಮನ ಮಾತು ಹೇಳಿದ ಮೇಲೆ ದೊಡ್ಡಪ್ಪ ಸುಮ್ಮನಾದರು. ಕಾರ್ಡಿಗನ್ ಪಂದ್ಯದ ಕಥೆ ಕೇಳಿ "ಮಗ ಕವಿಗಳಿಗೆ ಕುರ್ಚಿ ಕೊಟ್ಟನಾ? ಭೇಷ್" ಅಂದರು. ಅವರು ರಿಟೈರ್ಡ್ ಕನ್ನಡ ಮೇಷ್ಟ್ರು, ಹೇಳಬೇಕಾದ್ದೇ ಇಲ್ಲ.

ತಮ್ಮನ ಹೆಂಡತಿ ಅಮ್ಮನಿಗೆ ಆ "ಲ್ಲ" ಕಲಿಸೋಕೆ ಕೂತಳು. ನಾಲಿಗೆ ಇಲ್ಲಿಡಿ, ಗಾಳಿ ಬಿಡಿ ಅಂತ. ಅಮ್ಮ ಊದಿದ ರಭಸಕ್ಕೆ ಎದುರಿಗಿದ್ದ ಫೋನ್ ಒರೆಸಿಕೊಳ್ಳಬೇಕಾಯಿತು. ಹತ್ತಿರ ಹತ್ತಿರ ಬಂತು ಅಂತ ಅವಳೇ ಸರ್ಟಿಫಿಕೇಟ್ ಕೊಟ್ಟಳು. ಅವಳ ಅಜ್ಜಿಯನ್ನು ಮನೆಯಲ್ಲಿ ಲ್ಲೀಓ ಅಂತ ಕರೆಯುತ್ತಿದ್ದರಂತೆ. ಗ್ವೆನ್‌ಲಿಯನ್‌ಗೆ ಅದು ಹಳೆಯ ಮುದ್ದು ಹೆಸರಂತೆ. ಅಮ್ಮ ಅದಕ್ಕೂ ಕೈಮುಗಿದರು: "ಅದರಲ್ಲೂ ಶುರುವಿಗೇ ಊದಬೇಕಲ್ಲ, ನಂಗೆ ಗ್ವೆನ್ನಮ್ಮನೇ ಸಾಕು."

ಹೆಸರು ಪಕ್ಕಾ ಆಯಿತು. ಇನ್ನು ಜಗಳ ಇರೋದು ಎರಡನೇ ಹೆಸರಿಗೆ. ಅಮ್ಮ ಮನೆದೇವರ ಹೆಸರು ಬೇಕು ಅಂತಿದ್ದಾರೆ, ತಮ್ಮ ಫಾರ್ಮ್‌ನಲ್ಲಿ ಜಾಗ ಸಾಲಲ್ಲ ಅಂತಿದ್ದಾನೆ.

ಬೈಲಹೊಂಗಲ ಕಡೆಯವ

ಜಾಗ ಸಾಲಲ್ಲ ಅಂದ್ರೆ ಏನು, ಆ ದೇಶದಲ್ಲಿ ಮಾರುದ್ದ ಹೆಸರಿನ ರೈಲ್ವೆ ಸ್ಟೇಷನ್ ಇಲ್ವಾ? ಬರೆಸಿ, ಬರೆಸಿ.

ಕಾರ್ಡಿಫ್ ಕನ್ನಡಿಗ

ಇದೆ. ಅದರಲ್ಲೂ ಆ "ಲ್ಲ" ಮತ್ತೆ ಮತ್ತೆ ಬರುತ್ತೆ. ಅಮ್ಮನಿಗೆ ತೋರಿಸಬೇಡಿ.